ಯಂತ್ರದ ಬಾಯಿಗೂ ಒಂದು ಮಾರುಕಟ್ಟೆ: ಮೆಕ್ಕೆಜೋಳದ ಹೆಡರ್ ಕಲಿಸುವ ಪಾಠ

ಕೃಷಿ ಯಂತ್ರೋದ್ಯಮ ಎಂದೊಡನೆ ಉದ್ದಿಮೆದಾರರ ದೃಷ್ಟಿ ಟ್ರ್ಯಾಕ್ಟರ್, ಕಂಬೈನ್‌ಗಳಂತಹ ಇಡೀ ಯಂತ್ರಗಳತ್ತಲೇ ಹರಿಯುತ್ತದೆ. ಅವುಗಳ ತಯಾರಿಕೆಗೆ ಬೇಕಾದ ಬಂಡವಾಳವನ್ನು ಕಂಡು ಸಣ್ಣ ಕೈಗಾರಿಕೆಗಳು ಹಿಂಜರಿಯುವುದೂ ಸಹಜವೇ. ಆದರೆ ಯಂತ್ರದ ಮುಂಭಾಗಕ್ಕೆ ಜೋಡಿಸುವ ಒಂದು ಸಾಧನವನ್ನೇ ನೆಚ್ಚಿ ಪ್ರತ್ಯೇಕ ಉದ್ಯಮ ಬೆಳೆಯಬಲ್ಲದು ಎಂಬುದಕ್ಕೆ ಜರ್ಮನಿಯ ಮೆಕ್ಕೆಜೋಳದ ಹೆಡರ್ ಉತ್ತಮ ನಿದರ್ಶನವಾಗಿದೆ.

ರಸಮೇವಿಗಾಗಿ ಬೆಳೆದ ಮೆಕ್ಕೆಜೋಳವನ್ನು ಗಿಡದ ಒಣ ಅಂಶ ಶೇ. 30ರಿಂದ 35ರಷ್ಟಿರುವಾಗ ದಂಟು, ತೆನೆ ಸಮೇತ ಕಟಾವು ಮಾಡಬೇಕು. ಈ ಹದ ಕೆಲವೇ ದಿನ ಉಳಿಯುತ್ತದೆ. ಅಲ್ಲಿ ಸ್ವಂತ ಎಂಜಿನ್ನಿನಿಂದ ಚಲಿಸುವ ದೊಡ್ಡ ಕಟಾವು ಯಂತ್ರಗಳನ್ನು ಬಹುಪಾಲು ಗುತ್ತಿಗೆದಾರರು ಇಟ್ಟುಕೊಂಡು ಹೊಲದಿಂದ ಹೊಲಕ್ಕೆ ಸಾಗುತ್ತಾರೆ. ಹಳೆಯ ಹೆಡರ್‌ಗಳು ನಿಗದಿತ ಸಾಲಿನ ಅಂತರಕ್ಕೆ ಮಾತ್ರ ಹೊಂದುತ್ತಿದ್ದುದರಿಂದ ಇದು ತೊಡಕಿನ ಕೆಲಸವಾಗಿತ್ತು. ವೆಸ್ಟ್‌ಫೇಲಿಯಾದ ಸ್ಟಾಟ್‌ಲೋನ್ ಪಟ್ಟಣದ ಕೆಂಪರ್ ಸಂಸ್ಥೆಯ ತಿರುಗುವ ಡ್ರಮ್‌ಗಳ ಹೆಡರ್ ಈ ತೊಡಕನ್ನು ನಿವಾರಿಸಿತು. ಕೆಳಗೆ ವೇಗವಾಗಿ ತಿರುಗುವ ಚಾಕುಗಳು ದಂಟನ್ನು ಕತ್ತರಿಸಿದರೆ, ಮೇಲೆ ನಿಧಾನವಾಗಿ ತಿರುಗುವ ಹಲ್ಲಿನ ಚಕ್ರಗಳು ಅದನ್ನು ಹಿಡಿದು ಯಂತ್ರದ ಬಾಯಿಗೆ ಒಯ್ಯುತ್ತವೆ. ಸಾಲಿನ ಅಂತರ ಎಷ್ಟಿದ್ದರೂ, ಯಾವ ದಿಕ್ಕಿನಿಂದ ನುಗ್ಗಿದರೂ ಕೆಲಸ ಕೆಡುವುದಿಲ್ಲ.

ಪರಸ್ಪರ ಪೈಪೋಟಿಯಲ್ಲಿರುವ ಹಲವು ಕಂಪನಿಗಳ ಯಂತ್ರಗಳಿಗೆ ಒಂದೇ ಸಂಸ್ಥೆಯ ಹೆಡರ್ ಜೋಡಣೆಯಾಯಿತೆಂಬುದು ಇಲ್ಲಿ ಮುಖ್ಯ ಸಂಗತಿ. ಇದರ ಇನ್ನೊಂದು ಮುಖವನ್ನೂ ಮರೆಯಲಾಗದು. ಕ್ಲಾಸ್ ಮುಂದೆ ತನ್ನದೇ ‘ಆರ್ಬಿಸ್’ ಹೆಡರನ್ನು ರೂಪಿಸಿತು. ಕ್ರೋನೆ ‘ಈಸಿಕಲೆಕ್ಟ್’ ತಂದಿತು. ಕೆಂಪರ್ ಜಾನ್ ಡೀರ್ ಸಮೂಹಕ್ಕೆ ಸೇರಿತು. ದೊಡ್ಡ ಗ್ರಾಹಕನು ಎಂದಾದರೊಂದು ದಿನ ತಾನೇ ತಯಾರಕನಾಗಬಲ್ಲನು.

ಸರ್ಕಾರದ ನೀತಿಯೂ ಮಾರುಕಟ್ಟೆಯನ್ನು ಏರಿಳಿಸುತ್ತದೆ. ಜರ್ಮನಿಯ ನವೀಕರಿಸಬಹುದಾದ ಇಂಧನ ಕಾಯಿದೆಯ 2004ರ ತಿದ್ದುಪಡಿ ಬೆಳೆಯಾಧಾರಿತ ಜೈವಿಕ ಅನಿಲಕ್ಕೆ ಪ್ರೋತ್ಸಾಹಧನ ನೀಡಿದ್ದರಿಂದ ಮೆಕ್ಕೆಜೋಳದ ಬೇಸಾಯ ಹಬ್ಬಿತು. 2012ರ ತಿದ್ದುಪಡಿಯು ಹೊಸ ಘಟಕಗಳಲ್ಲಿ ಮೆಕ್ಕೆಜೋಳ ಮತ್ತು ಧಾನ್ಯದ ಬಳಕೆಗೆ ಶೇ. 60ರ ಮಿತಿ ವಿಧಿಸಿತು. ಸಹಾಯಧನವನ್ನೇ ನಂಬಿದ ಬೇಡಿಕೆ ಶಾಶ್ವತವಲ್ಲ.

ಕರ್ನಾಟಕದ ಉದ್ದಿಮೆದಾರರಿಗೆ ಇದರಿಂದ ಏನು ಪ್ರಯೋಜನ? ದಾವಣಗೆರೆ, ಹಾವೇರಿ ಭಾಗದ ಸಣ್ಣ ಹಿಡುವಳಿಗಳಿಗೆ 6ರಿಂದ 9 ಮೀಟರ್ ಅಗಲದ ಹೆಡರ್ ಖಂಡಿತ ಹೊಂದದು. ಇಲ್ಲಿಗೆ ಸಲ್ಲುವುದು ಟ್ರ್ಯಾಕ್ಟರಿನ ಪಿ.ಟಿ.ಓ. ಶಕ್ತಿಯಿಂದ ನಡೆಯುವ ಒಂದೆರಡು ಸಾಲಿನ ಕಟಾವು ಯಂತ್ರ. ಆದರೆ ಯಂತ್ರವನ್ನು ಬಾಡಿಗೆಗೆ ಓಡಿಸುವವನ ತೊಂದರೆ ಎರಡೂ ಕಡೆ ಒಂದೇ. ಒಬ್ಬ ರೈತ ಬಿತ್ತಿದ ಅಂತರದಲ್ಲಿ ಇನ್ನೊಬ್ಬ ಬಿತ್ತಿರುವುದಿಲ್ಲ. ಸಾಲಿನ ಹಂಗಿಲ್ಲದ, ಮಿತವಾದ ಬೆಲೆಯ ಚಿಕ್ಕ ಹೆಡರ್ ದೊರೆತರೆ ಹೈನುಗಾರಿಕೆಯ ಪ್ರದೇಶಗಳಲ್ಲಿ ಅದಕ್ಕೆ ಗಿರಾಕಿಗಳಿದ್ದಾರೆ. ಹೆಡರಿಗೆ ಕೈಹಾಕಲಾಗದವರಿಗೆ ಅದರ ಸವೆಯುವ ಭಾಗಗಳಿವೆ: ಚಾಕು, ಗೇರ್, ಚೈನ್, ಸ್ಲಿಪ್ ಕ್ಲಚ್. ಬೆಳಗಾವಿ, ಶಿವಮೊಗ್ಗಗಳ ಎರಕದ ಕಾರ್ಖಾನೆಗಳ ನೈಪುಣ್ಯಕ್ಕೆ ಗೇರ್ ಪೆಟ್ಟಿಗೆಯ ಕವಚಗಳು ನಿಲುಕದ ವಸ್ತುವಲ್ಲ.

ಅಗತ್ಯವಾದದ್ದು ಶಿಸ್ತು. ಚಾಕುವಿನ ಉಕ್ಕಿಗೆ ಸರಿಯಾದ ಹದ ಬರದಿದ್ದರೆ ದಂಟು ಕತ್ತರಿಸದೆ ಸೀಳುತ್ತದೆ. ಹಲವು ಕಂಪನಿಗಳ ಯಂತ್ರಗಳಿಗೆ ಹೊಂದುವ ಜೋಡಣೆಯ ಅಳತೆಗಳನ್ನು ಪಾಲಿಸದಿದ್ದರೆ ಒಬ್ಬನೇ ಗ್ರಾಹಕನ ಕೈಗೆ ಸಿಲುಕಬೇಕಾಗುತ್ತದೆ. ಕಟಾವಿನ ನಡುವೆ ಮುರಿದ ಭಾಗವನ್ನು ಮರುದಿನವೇ ಒದಗಿಸದ ತಯಾರಕನಿಗೆ ಮುಂದಿನ ಹಂಗಾಮಿನ ವ್ಯಾಪಾರವಿರದು. ಯಾವುದಾದರೂ ಒಂದು ಸಾಧನವನ್ನು ಇತರರಿಗಿಂತ ಚೆನ್ನಾಗಿ ಮಾಡಿ ಹತ್ತು ಮಂದಿಗೆ ಮಾರುವುದು ಸಣ್ಣ ಕೈಗಾರಿಕೆಗಳಿಗೆ ಹಿತಕರ. ಇಡೀ ಯಂತ್ರವನ್ನೇ ತಯಾರಿಸಹೊರಟು ಸಾಲದ ಸುಳಿಗೆ ಬೀಳುವುದಕ್ಕಿಂತ ಅದು ಭದ್ರವಾದ ಮಾರ್ಗ.