ಬಾಡಿಗಿ ಹಿಡದದ್ದು ಮನಿ, ಅವ್ವನ್ನಲ್ಲ

ಮೊನ್ನೆ ಚಿಗವ್ವ ಫೋನಿನ್ಯಾಗ ಕೇಳಿದ್ಲು: "ಅಲ್ಲವಾ, ಮಗಳ ಕಡೆ ಅಷ್ಟು ದೂರ ಹೋಗಿ, ಸಮುದ್ರದ ದಂಡ್ಯಾಗ ಒಂದು ವಾರ ಇದ್ದು ಬಂದ್ರಿ. ಛಂದಂಗ ಹೋಟೆಲ್ ಹಿಡಿಯೋದು ಬಿಟ್ಟು ಅಡಿಗಿ ನಾವ ಮಾಡ್ಕೊಳ್ಳೋ ಮನಿ ಯಾಕ ಹಿಡದ್ರಿ? ಅದೂ ಒಂದು ಸೂಟಿ ಏನ?"

ಒಂದ ಮಾತಿನ್ಯಾಗ ಹೇಳೋದಾಗಲಿಲ್ಲ, ಅದಕ್ಕ ಇಲ್ಲೆ ಬರೀಲಿಕ್ಕೆ ಕುಂತೇನಿ. ನನ್ನ ಅಭಿಪ್ರಾಯ ಏನಂದ್ರ, ಹೋದ್ರ ಅಂಥಾ ಮನಿಗೇ ಹೋಗಬೇಕು. ಆದ್ರ ಒಲಿ ಮುಂದ ನಿಂದ್ರಾಕಿ ಒಬ್ಬಾಕಿನ ಆಗಿರಬಾರದು.

ನಾವು ಹೋದದ್ದು ವೇಲ್ಸಿನ ನೈರುತ್ಯ ಮೂಲಿಯ ಪೆಂಬ್ರೋಕ್‌ಶೈರಿಗೆ. ಮಗಳು ಇರೋ ಬ್ರಿಸ್ಟಲ್ಲಿನಿಂದ ಕಾರಿನ್ಯಾಗ ಮೂರು ತಾಸಿನ ಹಾದಿ. ಅಲ್ಲಿನ ಕಡಲ ದಂಡಿ 1952ರಿಂದ ರಾಷ್ಟ್ರೀಯ ಉದ್ಯಾನ. ಕಡದು ನಿಲ್ಲಿಸಿದಂಥ ಕಲ್ಲಿನ ಕಡಿದಾದ ದಂಡಿ, ಅದರ ಅಂಚಿನಗುಂಟ ಸುಮಾರು 300 ಕಿಲೋಮೀಟರ್ ಉದ್ದದ ಕಾಲುದಾರಿ. ಅಲ್ಲೆ ಒಂದು ಜಾತಿ ಕಾಗಿ ಅದಾವ, ಚುಂಚೂ ಕಾಲೂ ಕೆಂಪು, ಕುಂಕುಮದಾಗ ಅದ್ದಿ ತಗದಂಗ. ಎದುರಿಗೆ ಸ್ಕೋಮರ್ ಅನ್ನೋ ನಡುಗಡ್ಡಿ. ಬ್ಯಾಸಗ್ಯಾಗ ಬಂದ್ರ ಅಲ್ಲೆ ಪಫಿನ್ ಹಕ್ಕಿ ಸಾವಿರಗಟ್ಟಲೆ. ನಾವು ಹೋದದ್ದು ಸೆಪ್ಟೆಂಬರ್ ಕೊನಿಗೆ, ಅವು ಆಗಲೇ ಕಡಲಿಗೆ ಹೋಗಿಬಿಟ್ಟಿದ್ವು. ಅದು ಸೀಲ್ ಮರಿ ಹಾಕೋ ಕಾಲ.

ಮಾರ್ಲೋಸ್ ಅನ್ನೋ ಹಳ್ಳಿ ಹತ್ರ ಒಂದು ಕಲ್ಲಿನ ಮನಿ, ಶನಿವಾರದಿಂದ ಶನಿವಾರಕ್ಕ. ಬಾಗಲದ ಬಾಜೂಕ ಸಣ್ಣ ಡಬ್ಬಿ, ನಂಬರ್ ಒತ್ತಿದ್ರ ಒಳಗ ಕೀಲಿ. ಪಾತ್ರೆ-ಪಗಡೆ ಎಲ್ಲಾ ಇದ್ವು. ನಾ ಬ್ಯಾಗಿನ್ಯಾಗ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಜ್ವಾಳದ ಹಿಟ್ಟು ಒಯ್ದಿದ್ದೆ. ಮೊದಲನೇ ಒಗ್ಗರಣಿಗೇ ಹೊಗಿ ಅಲಾರಂ ಹೊಡಕೊಳ್ಳಲಿಕ್ಕೆ ಹತ್ತಿತು. ಅಳಿಯ ಕುರ್ಚಿ ಮ್ಯಾಲೆ ನಿಂತು ಟಾವೆಲ್ ಬೀಸಿದ.

ಮೊದಲ ಎರಡು ದಿನ ಸಮುದ್ರ ನಾ ನೋಡಿದ್ದು ಸಿಂಕಿನ ಮುಂದಿನ ಕಿಟಕ್ಯಾಗಿಂದ. ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಪಲ್ಲೆ-ಚಪಾತಿ. "ನೀವು ಹೋಗಿ ಬರ್ರಿ, ನಾ ಅಷ್ಟರಾಗ ಮುಗಸತೇನಿ" ಅಂತ ನಾನ ಎಲ್ಲಾರನ್ನೂ ಕಳಸಿದೆ. ಮೂರನೇ ದಿನ ಮೊಮ್ಮಗ ಓಡಿ ಬಂದ, ಬೂಟಿನ ತುಂಬ ಕೆಸರು. "ಅಜ್ಜಿ, ಬಿಳೇ ಮರಿ!" ನಾ ರೊಟ್ಟಿ ಬಡಿಯೋದು ಬಿಡಲಿಲ್ಲ. "ಇದೊಂದು ಮುಗೀಲಿ" ಅಂದೆ. ಮಗಳು ಬಂದು ಒಲಿ ಆರಿಸಿ ಹೇಳಿದ್ಲು: "ಅವ್ವಾ, ನಾವು ಬಾಡಿಗಿ ಹಿಡದದ್ದು ಮನಿ. ನಿನ್ನಲ್ಲ."

ನನಗ ಸಿಟ್ಟು ಬಂತು. ಕಣ್ಣಾಗ ನೀರೂ ಬಂದ್ವು. ಖರೇ ಹೇಳತೇನಿ, ಯಾರೂ ನನ್ನ ಅಡಿಗಿ ಮನ್ಯಾಗ ಕೂಡಿಹಾಕಿರಲಿಲ್ಲ. ಮಗಳ ಸಂಸಾರದಾಗ ಅಡಿಗಿ ಬಿಟ್ರ ನನಗೇನು ಕೆಲಸ ಅನ್ನೋ ಹೆದರಿಕಿ ಇತ್ತು. ರೊಟ್ಟಿ ಬಡಿಯೋತನಕ ನಾ ಬೇಕಾದಾಕಿ ಅಂತ.

ಅವತ್ತು ಅವರ ಜೋಡಿ ಮಾರ್ಟಿನ್ಸ್ ಹೇವನ್ ಕಡೆ ಹೋಗಿ, ಬಂಡಿ ಮ್ಯಾಲಿಂದ ಕೆಳಗ ನೋಡಿದೆ. ಕಲ್ಲು ಹರಳಿನ ದಂಡ್ಯಾಗ ತಾಯಿ ಸೀಲ್, ಬಾಜೂಕ ಬಿಳೇ ತುಪ್ಪಳದ ಮರಿ. ಸದ್ದು ಮಾಡಬಾರದು, ಕೆಳಗ ಇಳೀಬಾರದು. ತಾಯಿ ಬೆದರಿ ನೀರಿಗೆ ಇಳದ್ರ ಮರಿ ಹಾಲಿಲ್ಲದ ಉಳೀತೈತಿ. ಮಗಳು ಕಿವ್ಯಾಗ ಹೇಳಿದ್ಲು: ತಾಯಿ ಸುಮಾರು ಮೂರು ವಾರ ಹಾಲು ಕುಡಸತೈತಂತ, ಅಷ್ಟೂ ದಿನ ತಾನು ಏನೂ ತಿನ್ನೂದಿಲ್ಲಂತ. ಹುಟ್ಟಿದಾಗ ಹದಿನಾಲ್ಕು ಕಿಲೋ ಇದ್ದ ಮರಿ ಮೂರು ಪಟ್ಟು ಆಗತೈತಿ, ತಾಯಿ ಸೊರಗತೈತಿ.

"ನೋಡು, ತಾಯಿ ಅಂದ್ರ ಹಿಂಗ" ಅನ್ನಲಿಕ್ಕೆ ಬಾಯಿ ತಗದಿದ್ದೆ. ಆಕಿ ಮುಂದ ಹೇಳಿದ್ಲು: "ಆಮೇಲೆ ಮರೀನ ಬಿಟ್ಟು ತಾಯಿ ಕಡಲಿಗೆ ಹೋಗಿಬಿಡತೈತಿ. ತಾನು ತಿನಬೇಕಲ್ಲ. ಮರಿ ತಾನ ಈಜಿ, ತಾನ ಮೀನು ಹಿಡಿಯೋದು ಕಲೀತೈತಿ."

ಮೂರು ವಾರ ನೋಡ್ರಿ. ನಂದು ಮೂವತ್ತೆಂಟು ವರ್ಷ ಆತು.

ಇದನ್ನ ಓದಿ "ಹಂಗಾರ ಹೋಟೆಲ್ಲ ಛಲೋ" ಅನಬ್ಯಾಡ್ರಿ. ಅಂಥಾ ದಂಡ್ಯಾಗ ದಿನದ ಲೆಕ್ಕ ಇಡೋದು ನೀರು. ಭರತಿ ದಿನಾ ಸುಮಾರು 50 ನಿಮಿಷ ತಡಾ ಆಗತೈತಿ. ಮಾರ್ಲೋಸಿನ ಉಸುಕಿಗೆ ಇಳತ ಇದ್ದಾಗ ಹೋಗಬೇಕು, ಭರತಿ ಏರೂದರಾಗ ತಿರುಗಿ ಬರಬೇಕು, ಇಲ್ಲಾಂದ್ರ ಕಲ್ಲಿನ ನಡುವ ಸಿಕ್ಕೊಳ್ಳೋದು. ನೀರಿನ ವ್ಯಾಳೆಕ್ಕ ಹೋಟೆಲ್ ನಾಷ್ಟಾದ ವ್ಯಾಳೆ ಹೊಂದೂದಿಲ್ಲ. ತೊಯ್ಸಿಕೊಂಡು ಬಂದು ಬೂಟು ಬಾಗಲದಾಗ ಬಿಟ್ಟು, ಬಿಸಿ ಸಾರು ಕುಡಿಯೋ ಸುಖ ಸ್ವಂತ ಒಲಿ ಇದ್ದಲ್ಲೇ ಐತಿ.

ಅವತ್ತ ರಾತ್ರಿ ಫ್ರಿಜ್ಜಿಗೆ ಚೀಟಿ ಹಚ್ಚಿದ್ವಿ. ದಿನಕ್ಕ ಒಂದ ಸಲ ಅಡಿಗಿ, ಅದೂ ಪಾಳಿ ಮ್ಯಾಲೆ. ಮಧ್ಯಾಹ್ನ ಕಟಕ ರೊಟ್ಟಿ, ಚಟ್ನಿ, ಮೊಸರು. ಭಾಂಡೆ ಮೊಮ್ಮಗಂದು. ಅಳಿಯ ಮಾಡಿದ ಬ್ಯಾಳಿಗೆ ಉಪ್ಪು ಕಮ್ಮಿ ಇತ್ತು. ನಾ ಬಾಯಿ ಬಿಡಲಿಲ್ಲ. ಅಡಿಗಿ ಮಾಡೋದಕ್ಕಿಂತ ಸುಮ್ಮನಿರೋದು ಕಷ್ಟ ಅಂತ ಅವತ್ತ ತಿಳೀತು.

ನೀವೂ ಎಲ್ಲಾದರೂ ಇಂಥಾ ಮನಿ ಹಿಡದ್ರ, ಬುಕ್ಕ ಮಾಡೂಕಿಂತ ಮೊದಲ ಪಾಳಿ ಬರೀರಿ. ನಿಮ್ಮ ಹೆಸರು ಒಂದ ಸಲ ಬರೀರಿ. ಎರಡನೇ ಸಲ ಯಾರರೆ ಬರದ್ರ ಅಳಸರಿ.

ಚಿಗವ್ವಾ, ಅದು ಸೂಟಿ ಹೌದೋ ಅಲ್ಲೋ ಅಂತ ಕೇಳಿದ್ದೆಲ್ಲ. ಮೊದಲ ಮೂರು ದಿನ ಅಲ್ಲ. ಉಳಿದ ನಾಕು ದಿನ ಹೌದು.