ಆಟದ ನೆರೆಹೊರೆ

ಸವದತ್ತಿ ತಾಲೂಕಿನ ಸಿರಸಂಗಿ ಎಂದೊಡನೆ ಕಾಳಮ್ಮನ ಗುಡಿಯೂ ತ್ಯಾಗವೀರ ಲಿಂಗರಾಜ ದೇಸಾಯಿಯವರೂ ನೆನಪಿಗೆ ಬರುತ್ತಾರೆ. ತಮ್ಮ ಆಸ್ತಿಯನ್ನು ವಿದ್ಯೆಗೆ ಮುಡಿಪಾಗಿಟ್ಟು 1906ರಲ್ಲಿ ಅಗಲಿದ ಆ ಮಹನೀಯರ ಹೆಸರನ್ನು ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಹೊತ್ತಿದೆ. ಈ ಕಾಲೇಜು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾದ ಬಳಿಕ ಧಾರವಾಡದ ಬಳಗಕ್ಕೆ ಬಂದಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಉದಯಿಸಿದ ಮೇಲೆ ಬೆಳಗಾವಿಯ ಬಳಗವನ್ನು ಸೇರಿತು. ಕಾಲೇಜು ಇದ್ದ ಊರಿನಲ್ಲಿಯೇ ಇದೆ. ಆಟದ ಎದುರಾಳಿಗಳು ಮಾತ್ರ ಬದಲಾದರು.

ಕಾಲೇಜು ಕಾಲೇಜುಗಳ ನಡುವಣ ಪಂದ್ಯಗಳು ಒಂದೇ ವಿಶ್ವವಿದ್ಯಾಲಯದ ಒಳಗೆ ನಡೆಯುವುದು ರೂಢಿ. ಹೊಸ ವಿಶ್ವವಿದ್ಯಾಲಯದಿಂದ ಲಾಭವೇನೂ ಆಗದೆ ಇಲ್ಲ. ಒಂದು ತಂಡ ಹೋಗುತ್ತಿದ್ದ ದಕ್ಷಿಣ ವಲಯದ ಪಂದ್ಯಾವಳಿಗೆ ಈಗ ಎರಡು ತಂಡಗಳು ಹೋಗಬಲ್ಲವು. ಹೆಚ್ಚು ತರುಣರಿಗೆ ಅವಕಾಶ ದೊರೆಯಿತು. ಆದರೆ ಸವದತ್ತಿಗೆ ಬೆಳಗಾವಿಗಿಂತ ಧಾರವಾಡವೇ ಹತ್ತಿರ. ವಿಜಯಪುರವಂತೂ ಬಲು ದೂರ. ಹತ್ತಿರದ ಊರಿನವರು ಹೊರಗಿನವರಾದರು, ದೂರದವರು ಬಳಗದವರಾದರು. ಕಚೇರಿಯ ನಕ್ಷೆಗೆ ಇದು ಸರಿಯಾಗಿ ಕಾಣಬಹುದು. ಆಡುವವರ ಕಾಲಿಗೆ ಹಾಗೆ ತೋರುವುದಿಲ್ಲ.

ಇದೇ ಪ್ರಶ್ನೆ ಅಮೆರಿಕೆಯಲ್ಲಿ ಬೃಹದಾಕಾರ ತಾಳಿದೆ. ಅಲ್ಲಿನ ಕಾಲೇಜು ಫುಟ್ಬಾಲಿನಲ್ಲಿ (ಹೆಸರು ಕಾಲ್ಚೆಂಡು, ಓಡುವುದು ಚೆಂಡನ್ನು ಕೈಯಲ್ಲಿ ಹಿಡಿದೇ!) ನೆರೆಯ ವಿಶ್ವವಿದ್ಯಾಲಯಗಳು ಕೂಡಿ ಒಕ್ಕೂಟ ಕಟ್ಟಿಕೊಳ್ಳುವುದು ಹಳೆಯ ಪದ್ಧತಿ. ಪೆಸಿಫಿಕ್ ತೀರದಲ್ಲಿ 1915ರಿಂದ ಬೆಳೆದು ಬಂದಿದ್ದ ಒಕ್ಕೂಟದ ಹನ್ನೆರಡು ಸದಸ್ಯರಲ್ಲಿ ಹತ್ತು ವಿಶ್ವವಿದ್ಯಾಲಯಗಳು 2024ರಲ್ಲಿ ಅದನ್ನು ತೊರೆದವು. ದೂರದರ್ಶನ ಪ್ರಸಾರದ ಹಣವೇ ಇದಕ್ಕೆ ಮುಖ್ಯ ಕಾರಣ. ಪೆಸಿಫಿಕ್ ಬದಿಯ ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ತೀರದ ಒಕ್ಕೂಟಕ್ಕೆ ಸೇರಿತೆಂದರೆ ವಿಪರ್ಯಾಸಕ್ಕೆ ಬೇರೆ ನಿದರ್ಶನ ಬೇಕೆ? ಹಣ ತರುವುದು ಫುಟ್ಬಾಲು. ಆದರೆ ಅದರ ಬೆನ್ನಿಗೆ ವಾಲಿಬಾಲ್ ಆಡುವ ಹುಡುಗಿಯರೂ ಪಾಠ ಬಿಟ್ಟು ಇಡೀ ಭೂಖಂಡವನ್ನು ದಾಟಬೇಕಾಯಿತು.

ಬಲಶಾಲಿಗಳೊಡನೆ ಸೆಣಸದೆ ಆಟ ಬೆಳೆಯದೆಂಬ ವಾದವುಂಟು, ಅದು ಸುಳ್ಳಲ್ಲ. ರಣಜಿ ಟ್ರೋಫಿಯಲ್ಲಿ ಬಹುಕಾಲ ನಡೆದುಬಂದ ವಲಯ ಪದ್ಧತಿಯನ್ನು 2002-03ರಲ್ಲಿ ಕೈಬಿಟ್ಟು, ಸಾಮರ್ಥ್ಯಕ್ಕೆ ತಕ್ಕಂತೆ ಗುಂಪುಗಳನ್ನು ಮಾಡಿದರು. ಆದರೆ ಹಳೆಯ ಪದ್ಧತಿಯಲ್ಲಿಯೂ ಬಲಶಾಲಿಗಳು ಎದುರಾಗದೆ ಉಳಿಯಲಿಲ್ಲ. ಮೊದಲು ನೆರೆಯವರನ್ನು ಗೆದ್ದು ಬಂದ ಕರ್ನಾಟಕ, ಸತತ ಹದಿನೈದು ವರ್ಷ ಪ್ರಶಸ್ತಿ ಗೆದ್ದಿದ್ದ ಮುಂಬಯಿಯನ್ನು 1973-74ರ ಉಪಾಂತ್ಯದಲ್ಲಿ ಹಿಂದಿಕ್ಕಿ, ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು. ಅಲ್ಲದೆ ಕ್ರಿಕೆಟನ್ನೇ ವೃತ್ತಿಯಾಗಿ ಉಳ್ಳವರಿಗೂ ಮರುದಿನ ತರಗತಿಗೆ ಹಾಜರಾಗಬೇಕಾದವರಿಗೂ ಒಂದೇ ಅಳತೆಗೋಲು ಸಲ್ಲದು.

ಆದುದರಿಂದ ಗಡಿಯಂಚಿನ ಕಾಲೇಜುಗಳ ಮೊದಲ ಸುತ್ತಿನ ಪಂದ್ಯಗಳನ್ನಾದರೂ ಎರಡು ವಿಶ್ವವಿದ್ಯಾಲಯಗಳು ಕೂಡಿ ಏರ್ಪಡಿಸಬಹುದು. ಗೆದ್ದವರು ಮುಂದೆ ತಮ್ಮ ತಮ್ಮ ವಿಶ್ವವಿದ್ಯಾಲಯದ ಪರವಾಗಿ ಎಷ್ಟು ದೂರವಾದರೂ ಹೋಗಲಿ. ಸವದತ್ತಿಯಲ್ಲಿ ಓದುವ ಸಿರಸಂಗಿಯ ಹುಡುಗಿಯೊಬ್ಬಳು ಧಾರವಾಡದಲ್ಲಿ ಖೋಖೋ ಆಡಿ, ಗೆಲ್ಲಲಿ ಸೋಲಲಿ, ಸಂಜೆಯ ಬಸ್ಸಿಗೆ ಮನೆ ಸೇರುವಂತಿದ್ದರೆ, ಮುಂದಿನ ವರ್ಷವೂ ಅವಳನ್ನು ಆಟಕ್ಕೆ ಕಳಿಸಲು ತಾಯಿ ಹಿಂಜರಿಯಲಾರಳು.