ಪಾಠ ಹೇಳುವವರಿಗೂ ಒಬ್ಬ ಮೇಷ್ಟ್ರು ಬೇಕು

ಪ್ರತಿ ಭಾನುವಾರ ಬೆಳಿಗ್ಗೆ ಸಂತೆಮರಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತು ಮಕ್ಕಳು ಚಾಪೆ ಹಾಸಿಕೊಂಡು ಕೂರುತ್ತಾರೆ. ಮೊಬೈಲ್‌ನಲ್ಲಿ ಶ್ರುತಿ ಹಾಕಿಕೊಂಡು ನಾನು ಸರಳೆ ವರಸೆ, ಜಂಟಿ ವರಸೆ ಹೇಳಿಕೊಡುತ್ತೇನೆ. ಓದುತ್ತಿರುವುದು ಬಿ.ಇ., ಆದರೆ ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾಗಿದೆ. ಎದುರು ಮನೆ ಅಕ್ಕ ‘ನಮ್ಮ ಮಗೀಗೂ ಎರಡು ಹಾಡು ಹೇಳ್ಕೊಡವ್ವ’ ಎಂದಾಗ ಶುರುವಾದ ಪಾಠ ಇದು. ತಿಂಗಳಿಗೆ ಇನ್ನೂರು ರೂಪಾಯಿ ಫೀಸು. ನನ್ನ ಜೆರಾಕ್ಸ್, ಬಸ್ಸಿನ ಖರ್ಚು ಅದರಲ್ಲೇ ಕಳೆಯುತ್ತದೆ.

ಕಳೆದ ವರ್ಷ ಹದಿಮೂರು ವರ್ಷದ ಹುಡುಗನೊಬ್ಬ ಪಾಠ ಬಿಟ್ಟ. ಅದುವರೆಗೆ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವನು. ಇದ್ದಕ್ಕಿದ್ದಂತೆ ಅವನ ಧ್ವನಿ ಮೇಲಿನ ಷಡ್ಜಕ್ಕೆ ಹೋದಾಗಲೆಲ್ಲ ಒಡೆಯತೊಡಗಿತು. ಮನೆಯಲ್ಲಿ ಅಭ್ಯಾಸ ಮಾಡುತ್ತಿಲ್ಲ ಎಂದುಕೊಂಡೆ. ಎಲ್ಲರೆದುರು ಬೈದು, ಅದೇ ಸಾಲನ್ನು ಹತ್ತು ಸಲ ಹಾಡಿಸಿದೆ. ಮಕ್ಕಳು ನಕ್ಕರು. ಮುಂದಿನ ಭಾನುವಾರ ಅವನು ಬರಲಿಲ್ಲ.

ಅವತ್ತು ನನಗೆ ಒಂದು ಮಾತು ಹೊಳೆಯಬೇಕಿತ್ತು, ಹೊಳೆದದ್ದು ತಡವಾಗಿ. ಹಾಡಲು ಬರುವುದು ಬೇರೆ, ಹಾಡಿಸಲು ಬರುವುದು ಬೇರೆ. ನಾನು ಬರೆದ ಪರೀಕ್ಷೆಗಳಲ್ಲಿ ರಾಗಲಕ್ಷಣ ಕೇಳಿದರು, ಕೀರ್ತನೆ ಹಾಡಿಸಿದರು. ‘ಮಗುವಿನ ಗಂಟಲು ಒಡೆದರೆ ಏನು ಮಾಡುತ್ತೀಯ’ ಎಂದು ಯಾರೂ ಕೇಳಲಿಲ್ಲ. ಬಿ.ಎಡ್. ಓದುವವರು ಶಾಲೆಗೆ ಹೋಗಿ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡುವವರಿರುತ್ತಾರೆ. ನಮ್ಮ ಎಂಜಿನಿಯರಿಂಗ್‌ನಲ್ಲೂ ಪ್ರಾಜೆಕ್ಟ್‌ಗೆ ಒಬ್ಬ ಗೈಡ್ ಇರುತ್ತಾರೆ. ಮನೆಯಲ್ಲೇ ಸಂಗೀತ ಪಾಠ ಶುರು ಮಾಡುವವರಿಗೆ ಅಂಥ ಯಾರೂ ಇರುವುದಿಲ್ಲ. ತಪ್ಪು ಮಾಡುವುದು ನಾವು, ಅನುಭವಿಸುವುದು ಮಕ್ಕಳು.

ನನಗೆ ಕಲಿಸಿದ ಟೀಚರ್ ಊರು ಬಿಟ್ಟು ನಾಲ್ಕು ವರ್ಷವಾಗಿದೆ. ಹಾಗಾಗಿ ಮಾರ್ಗದರ್ಶಕರನ್ನು ಹುಡುಕಲು ಹೊರಟೆ. ಮೊದಲು ದೊಡ್ಡ ಹೆಸರುಗಳ ಹಿಂದೆ ಹೋದೆ. ಆನ್‌ಲೈನಿನಲ್ಲಿ ಕಲಿಸುವ ಒಬ್ಬರಿಗೆ ದುಡ್ಡು ಕಟ್ಟಿದೆ. ಅವರು ನನ್ನ ಕಲ್ಯಾಣಿ ರಾಗವನ್ನು ತಿದ್ದಿದರು, ಅದು ಒಳ್ಳೆಯದೇ. ಆದರೆ ನನ್ನ ಮಕ್ಕಳ ವಿಷಯ ಎತ್ತುವಷ್ಟರಲ್ಲಿ ಸಮಯ ಮುಗಿದಿತ್ತು. ಯೂಟ್ಯೂಬ್ ಇದೆಯಲ್ಲ ಎಂದರು ಗೆಳತಿಯರು. ಇದೆ, ಸಾವಿರ ಪಾಠಗಳಿವೆ. ಆ ಹುಡುಗನ ಗಂಟಲು ಮಾತ್ರ ಯೂಟ್ಯೂಬಿಗೆ ಕೇಳಿಸುವುದಿಲ್ಲ.

ಉತ್ತರ ಸಿಕ್ಕಿದ್ದು ಪಕ್ಕದ ಊರಿನಲ್ಲಿ. ಅಲ್ಲಿ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರೊಬ್ಬರಿದ್ದಾರೆ. ಅಪ್ಪನಿಗೆ ಪರಿಚಯ, ನಾನು ತಾತ ಎನ್ನುತ್ತೇನೆ. ಒಂದು ಸಂಜೆ ಮಾತಿಗೆ ಮಾತು ಬಂದು ನಡೆದದ್ದನ್ನು ಹೇಳಿದೆ. ಅವರು ನಕ್ಕುಬಿಟ್ಟರು. ‘ಹುಡುಗನ್ಗೆ ವಯಸ್ಸು ಬರ್ತಾ ಅದೆ ಕನವ್ವ, ಗಂಟ್ಲು ಒಡೀತದೆ. ಅಂಥ ಹೊತ್ನಲ್ಲಿ ಜೋರು ಮಾಡಿಸ್ಬಾರ್ದು. ನಾವಾದ್ರೆ ಹಿಂದ್ಗಡೆ ಕೂರ್ಸಿ ತಾಳ ಕೊಟ್ಬುಡ್ತೀವಿ’ ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮಂಟೇಸ್ವಾಮಿ, ಮಲೆ ಮಾದೇಶ್ವರರ ಕಾವ್ಯಗಳು ನಮ್ಮ ಸೀಮೆಯಲ್ಲಿ ಉಳಿದಿರುವುದೇ ಒಬ್ಬರಿಂದ ಒಬ್ಬರಿಗೆ ಹಾಡಿಸುವ ಕಲೆಯಿಂದ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಲೆ ಮಾದೇಶ್ವರ ಕಾವ್ಯ 1973ರಲ್ಲೇ ಪುಸ್ತಕವಾಗಿ ಬಂದಿದೆ. ಆದರೆ ಹಾಡುವವರು ತಯಾರಾಗುವುದು ಪುಸ್ತಕದಿಂದಲ್ಲ. ತಂಬೂರಿ ಹಿಡಿದವರ ಹಿಂದೆ ಹಿಮ್ಮೇಳದಲ್ಲಿ ಕೂತು, ರಾತ್ರಿಯೆಲ್ಲ ಸೊಲ್ಲಿಗೆ ಸೊಲ್ಲು ಸೇರಿಸಿ ಕಲಿಯುತ್ತಾರೆ. ಯಾವಾಗ ಹಾಡಿಸಬೇಕು, ಯಾವಾಗ ಸುಮ್ಮನಿರಿಸಬೇಕು ಎಂಬುದು ಆ ತಾತನಿಗೆ ಗೊತ್ತಿದೆ. ಆ ಒಂದು ವಿಷಯದಲ್ಲಿ ಅವರೇ ನನ್ನ ಗುರು.

ಗಮಕದ ಪ್ರಶ್ನೆ ಕೇಳಿದರೆ ‘ಅದು ನನ್ಗೆ ತಿಳೀದು, ತಿಳ್ದೋರ ತಾವು ಹೋಗು’ ಎನ್ನುತ್ತಾರೆ. ಈ ಮಾತು ಹೇಳಬಲ್ಲವರೇ ನಿಜವಾದ ಮಾರ್ಗದರ್ಶಕರು ಎಂದು ನನಗೆ ಅನ್ನಿಸುತ್ತದೆ. ಭೀಮಸೇನ ಜೋಶಿಯವರ ಕಥೆ ನೋಡಿ. 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದವರು ಗ್ವಾಲಿಯರ್, ಜಲಂಧರ್‌ವರೆಗೆ ಅಲೆದರು. ಜಲಂಧರ್‌ನಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿರುವಾಗ ಇಲ್ಲಿಗೇಕೆ ಬಂದೆ ಎಂದು ಹಿಂದಕ್ಕೆ ಕಳಿಸಿದರು ಎಂಬುದು ಪ್ರಸಿದ್ಧ ಕಥೆ. ಸವಾಯಿ ಗಂಧರ್ವರು ಇದ್ದದ್ದು ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ. ಗಂಗೂಬಾಯಿ ಹಾನಗಲ್ ಕೂಡ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಅವರ ಬಳಿ ಕಲಿತವರೇ. ಗುರು ಮನೆ ಹತ್ತಿರವೇ ಇರಬಹುದು, ನಮಗೆ ಕಾಣದಿರಬಹುದು.

ತಾತನ ಮಾತು ಕೇಳಿ ಮೈಸೂರಿನಲ್ಲಿರುವ ನಿವೃತ್ತ ಸಂಗೀತ ಶಿಕ್ಷಕಿಯೊಬ್ಬರನ್ನು ಹುಡುಕಿದೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗುತ್ತೇನೆ. ಅವರು ನನ್ನನ್ನು ಹಾಡು ಎನ್ನುವ ಮೊದಲು, ‘ನಿನ್ನ ಕ್ಲಾಸನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಾ’ ಎಂದರು. ನೋಡಿ ಹೇಳಿದ್ದು ಎರಡೇ ಮಾತು: ‘ಮುಕ್ಕಾಲು ಗಂಟೆಯಲ್ಲಿ ಅರ್ಧ ಹೊತ್ತು ನೀನೇ ಮಾತಾಡಿದ್ದೀಯ. ಚೆನ್ನಾಗಿ ಹಾಡುವ ಇಬ್ಬರ ಮುಖ ಬಿಟ್ಟು ಬೇರೆ ಯಾರನ್ನೂ ನೋಡಿಲ್ಲ.’ ಎರಡೂ ನಿಜ.

ಆದ್ದರಿಂದ ಪಾಠ ಹೇಳುವ ನನ್ನ ವಯಸ್ಸಿನವರಿಗೆ ಹೇಳುವುದಿಷ್ಟು. ಮಾರ್ಗದರ್ಶಕರನ್ನು ಆರಿಸುವಾಗ ಅವರಿಗೆ ಬಂದ ಪ್ರಶಸ್ತಿ ಎಣಿಸಬೇಡಿ. ನಿಮ್ಮ ತರಗತಿಯನ್ನು ನೋಡಲು ಒಪ್ಪುತ್ತಾರೆಯೇ, ನಿಮ್ಮ ತಪ್ಪನ್ನು ಅವರ ಮುಂದೆ ಹೆದರದೆ ಹೇಳಬಹುದೇ ಎಂದು ನೋಡಿ. ಎಲ್ಲವೂ ಒಬ್ಬರಲ್ಲೇ ಸಿಗಬೇಕಿಲ್ಲ. ಫೀಸು ಎಷ್ಟು ಎಂದು ಮೊದಲೇ ಕೇಳಿ, ಅದರಲ್ಲಿ ಸಂಕೋಚ ಬೇಡ. ಎಲ್ಲಿ, ಯಾರ ಬಳಿ ಹೋಗುತ್ತೀರಿ ಎಂಬುದು ಮನೆಯವರಿಗೆ ಗೊತ್ತಿರಲಿ. ಬೇರೆಯವರ ಬಳಿ ಹೋಗಕೂಡದು, ಪ್ರಶ್ನೆ ಕೇಳಕೂಡದು ಎನ್ನುವವರಿಗೆ ದೂರದಿಂದಲೇ ನಮಸ್ಕಾರ ಮಾಡಿ ಬನ್ನಿ. ಗುರುಭಕ್ತಿ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ.

ಸರ್ಕಾರಕ್ಕೂ ಒಂದು ಮಾತು. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲೇ ಇದೆ. ಹಳ್ಳಿಗಳಲ್ಲಿ ಹೊಸದಾಗಿ ಪಾಠ ಶುರು ಮಾಡಿದವರ ತರಗತಿಗೆ ಆಗೊಮ್ಮೆ ಈಗೊಮ್ಮೆ ಒಬ್ಬ ಹಿರಿಯರು ಬಂದು ಕೂರುವ ಏರ್ಪಾಡನ್ನು ವಿಶ್ವವಿದ್ಯಾಲಯವೋ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋ ಮಾಡಿದರೆ ಹೆಚ್ಚಿನ ಖರ್ಚೇನೂ ಆಗದು. ಅವರಲ್ಲಿ ತಂಬೂರಿ ಹಿಡಿದ ತಾತಂದಿರೂ ಇರಲಿ.

ಆ ಹುಡುಗನ ಮನೆಗೆ ಹೋಗಿ, ತಪ್ಪು ನನ್ನದು ಎಂದು ಅವನ ಅಮ್ಮನ ಮುಂದೆಯೇ ಹೇಳಿದೆ. ಎರಡು ವಾರ ಬಿಟ್ಟು ಬಂದ. ಆರು ತಿಂಗಳು ತಾಳ ಹಾಕಿದ. ಈಗ ತಗ್ಗಿನ ಶ್ರುತಿಯಲ್ಲಿ ಅವನಿಗೆ ಹದಿನೈದು ನಿಮಿಷ ಬೇರೆ ಪಾಠ. ಧ್ವನಿ ಇನ್ನೂ ಪೂರ್ತಿ ನಿಂತಿಲ್ಲ. ಒಡೆದಾಗ ಈಗ ಯಾರೂ ನಗುವುದಿಲ್ಲ.